ಪಾರ್ಕಿನಲ್ಲಿ ಎಲೆ ತಿಂದವಳು

ಕುವೈತಿನ ಸಾಲ್ಮಿಯಾದ ಹಳೆಯ ಉದ್ಯಾನದ ಬೇವಿನ ಮರದಡಿ ನಾನು ಸಿಕ್ಕಿಬಿದ್ದೆ. ಮರುದಿನ ಯುಗಾದಿ. ಪಾರ್ಕಿನಲ್ಲಿ ಏನನ್ನೂ ಕೀಳಬಾರದೆಂದು ಮಗಳಿಗೆ ನಿತ್ಯ ಪಾಠ ಹೇಳುವ ನಾನೇ ಒಂದು ಟೊಂಗೆ ಮುರಿದು, ಬೇವು ಹೌದೋ ಅಲ್ಲವೋ ಎಂದು ಎಲೆ ಅಗಿದು ಮುಖ ಕಿವುಚಿದ್ದೆ. ಬೆಂಚಿನಲ್ಲಿದ್ದ ಕುವೈತಿ ಅಜ್ಜಿ ಅಬಾಯಾ ಸರಿಪಡಿಸಿಕೊಳ್ಳುತ್ತಾ ಎದ್ದು ಬಂದರು. ಕಾವಲುಗಾರನನ್ನು ಕರೆಯುತ್ತಾರೆಂದು ಟೊಂಗೆಯನ್ನು ಬೆನ್ನ ಹಿಂದೆ ಸರಿಸಿದೆ.

ಕರೆಯಲಿಲ್ಲ. ನನ್ನ ಕೈಗೆ ಖರ್ಜೂರದ ಪೊಟ್ಟಣವಿಟ್ಟು, "ಭೂಖ್ ಹೈ? ಪತ್ತಾ ನಹೀ ಖಾನಾ. ಯಲ್ಲಾ, ಯೇ ಖಾವ್!" ಎಂದು ಹರಕು ಹಿಂದಿಯಲ್ಲಿ ಹೇಳಿದರು. ಹಸಿವು ತಾಳದೆ ಎಲೆ ತಿನ್ನುತ್ತಿದ್ದೇನೆಂದು ತಿಳಿದಿದ್ದರು! ಎಂಬತ್ತೆರಡು ಕಿಲೋ ತೂಗುವ ನಾನು ಅವರೆದುರೇ ತಲೆ ತಗ್ಗಿಸಿ ತಿಂದೆ.

ಮನೆಯಲ್ಲಿ ಬೆಲ್ಲವಿತ್ತು. ಆದರೂ ಆ ಯುಗಾದಿಗೆ ಬೇವಿನ ಜೊತೆ ಉಳಿದ ಖರ್ಜೂರವನ್ನೇ ಹಂಚಿದೆ. "ಬೇವು ಕದ್ದದ್ದು, ಬೆಲ್ಲ ಬೇಡಿದ್ದು" ಎಂದು ನಮ್ಮ ಮನೆಯವರು ಇಂದಿಗೂ ರೇಗಿಸುತ್ತಾರೆ.