ಬಸುರಿ ಮನೆಯ ದ್ರಾಕ್ಷಿ ಚಪ್ಪರ

ನನ್ನ ಮಗಳು ಹುಟ್ಟಿದ ವರ್ಷ ನಮ್ಮ ತೋಟದ ದ್ರಾಕ್ಷಿ ಹಣ್ಣಾಗಲಿಲ್ಲ. ಅದಕ್ಕೆ ಅವಳೇ ಕಾರಣ ಎಂದರು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಆರ್.ಟಿ. ನಗರದಲ್ಲಿ ಬೆಳೆದು, ಸೈನ್ಸ್ ತೆಗೆದುಕೊಂಡು ಪಿಯುಸಿ ಮುಗಿಸಿದ್ದ ನನ್ನನ್ನು ಯಲಹಂಕದ ಪುಟ್ಟೇನಹಳ್ಳಿ ಕೆರೆಯ ಹತ್ತಿರದ ಒಂದು ತೋಟದ ಮನೆಗೆ ಕೊಟ್ಟರು. ಕಪ್ಪು ದ್ರಾಕ್ಷಿಯ ಚಪ್ಪರವೇ ಆ ಮನೆಗೆ ಅನ್ನ. ದೀಪಾವಳಿಯ ಆಸುಪಾಸಿನಲ್ಲಿ ಹಳೆಯ ಕುಡಿಗಳನ್ನೆಲ್ಲ ಕತ್ತರಿಸಿ ಬಳ್ಳಿಯನ್ನು ಬೋಳು ಮಾಡುತ್ತಿದ್ದರು. ಆಮೇಲೆ ಒಡೆಯುವ ಹೊಸ ಚಿಗುರಿನಲ್ಲೇ ಗೊಂಚಲು ಬಿಡುವುದು. ಇದಕ್ಕೆ ಎಲ್ಲರೂ ಕಟಿಂಗ್ ಅನ್ನುತ್ತಿದ್ದರು.

ಆ ವರ್ಷ ನಾನು ಬಸುರಿ. ಕಟಿಂಗಿಗೆ ಆಳುಗಳು ಬಂದು ಅಂಗಳದಲ್ಲಿ ನಿಂತಿದ್ದರು. ಅತ್ತೆ ಅಡ್ಡ ಬಂದರು.

“ಬಸುರಿ ಇರೋ ಮನೇಲಿ ಅಸಿ ಗಿಡಕ್ಕೆ ಕತ್ತರಿ ಆಕ್ತಾರೇನ್ರೋ? ಒಟ್ಟೇಲಿರೋ ಕೂಸಿಗೆ ತಗಲ್ತದೆ. ಓಗ್ರಿ, ಓಗ್ರಿ!”

ಬಸುರಿಯ ಗಂಡ ಮರ ಕಡಿಯಬಾರದು ಎಂಬ ಮಾತು ನಮ್ಮ ತವರಿನಲ್ಲೂ ಇತ್ತು. ಆದರೆ ಬಳ್ಳಿಯ ಕುಡಿ ಕತ್ತರಿಸುವುದೂ ಮರ ಕಡಿಯುವುದೂ ಒಂದೇನಾ? ನನ್ನ ಗಂಡ ಆಳುಗಳನ್ನು ವಾಪಸ್ ಕಳಿಸಿದರು.

ನಾನು ಬಿಡಲಿಲ್ಲ. “ಎಲೆ ಮೇಲೆ ಎಲೆ ಕೂತ್ರೆ ಕೆಳಗಿನ ಎಲೆಗೆ ಬಿಸಿಲೆಲ್ಲಿ ಸಿಗತ್ತೆ ಅತ್ತೆ? ಬಿಸಿಲಿಲ್ದೆ ಎಲೆ ಆಹಾರ ಮಾಡಲ್ಲ. ಹಣ್ಣಿಗೆ ಸಿಹಿ ಎಲ್ಲಿಂದ ಬರಬೇಕು?” ಎಂದೆ. ಎಲೆಯ ಅರ್ಧಕ್ಕೆ ಕಪ್ಪು ಕಾಗದ ಸುತ್ತಿ ಬಿಸಿಲಿಗಿಟ್ಟು, ಆಮೇಲೆ ಅಯೋಡಿನ್ ಹಾಕಿ ಪರೀಕ್ಷೆ ಮಾಡಿದಾಗ ಮುಚ್ಚಿದ ಅರ್ಧದಲ್ಲಿ ಪಿಷ್ಟವೇ ಇರಲಿಲ್ಲ ಎಂದು ಕಾಲೇಜಿನಲ್ಲಿ ಕಣ್ಣಾರೆ ಕಂಡದ್ದನ್ನೂ ಹೇಳಿದೆ.

“ನಿನ್ ಪುಸ್ತಕ ನಿಮ್ಮಪ್ಪನ ಮನೇಲಿ ಇಟ್ಕೊಳ್ಳವ್ವ” ಎಂದರು ಅತ್ತೆ.

ಬಳ್ಳಿ ಮನಸೋಇಚ್ಛೆ ಹಬ್ಬಿತು. ಬಂದವರೆಲ್ಲ ಎಷ್ಟು ಸೊಂಪಾಗಿದೆ ಎಂದು ಹೊಗಳುವವರೇ. ಕೆಳಗೆ ಬಗ್ಗಿ ನೋಡಿದವರು ಯಾರು? ನಡುಮಧ್ಯಾಹ್ನವೂ ಚಪ್ಪರದಡಿ ಮಬ್ಬು. ಒಳಗಿನ ಎಲೆಗಳು ಹಳದಿಯಾಗಿ ಉದುರಿದವು. ಜತೆಗೆ ಆ ಚಳಿಗಾಲದ ಮೋಡ, ಮಂಜು. ಮೇಲಿನ ಎಲೆಗಳಿಗೂ ಸರಿಯಾಗಿ ಬಿಸಿಲು ಕಾಣಲಿಲ್ಲ. ಗಾಳಿಯಾಡದೆ ಬೂದಿರೋಗ ಹತ್ತಿತು. ಅಲ್ಲೊಂದು ಇಲ್ಲೊಂದು ಬಿಟ್ಟ ಗೊಂಚಲು ಅರೆಗೆಂಪಾಗಿ ನಿಂತುಬಿಟ್ಟಿತು, ಬಾಯಿಗಿಟ್ಟರೆ ಬರೀ ಹುಳಿ.

ತವರಿನಲ್ಲಿ ಬಾಣಂತನ ಮುಗಿಸಿ ಮಗಳನ್ನೆತ್ತಿಕೊಂಡು ಬಂದೆ. ಹೊಸ್ತಿಲು ದಾಟುವ ಮೊದಲೇ ಅತ್ತೆಯ ಮಾತು ಶುರುವಾಯಿತು. “ಎಣ್ಣು ಕೂಸು ಒಟ್ಟೆಗೆ ಬಿತ್ತು, ತೋಟ ಓಯ್ತು.” ಮಗುವಿಗೆ ದೋಷವಿದೆಯೆಂದು ಶಾಂತಿ ಮಾಡಿಸಿದರು. ಹೊಗೆಗೆ ಕೆಮ್ಮಿ ಕೆಮ್ಮಿ ಅಳುತ್ತಿದ್ದ ಕೂಸನ್ನು ಮಡಿಲಲ್ಲಿ ಹಿಡಿದು ನಾನು ಹಲ್ಲು ಕಚ್ಚಿ ಕೂತೆ. ಗಂಡ ತಲೆ ತಗ್ಗಿಸಿ ಪಕ್ಕದಲ್ಲಿದ್ದರು.

ಮುಂದಿನ ದೀಪಾವಳಿಗೆ ಮನೆಯಲ್ಲಿ ಬಸುರಿ ಇರಲಿಲ್ಲ, ಕಟಿಂಗ್ ಆಯಿತು. ಚಿಗುರಿಗೆ ಬಿಸಿಲು ಬಿತ್ತು, ಗೊಂಚಲು ಜೋತುಬಿದ್ದವು. ಅತ್ತೆ ಊರಿಗೆಲ್ಲ ಹೇಳಿಕೊಂಡು ಬಂದರು: “ಶಾಂತಿ ಮಾಡ್ಸಿದ್ಕೆ ನೋಡಿ!”

ಒಂದು ದಿನ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡೇ ಅದನ್ನು ಹೇಳುತ್ತಿದ್ದಾಗ, ಅವಳನ್ನು ಅವರಿಂದ ಕಿತ್ತುಕೊಂಡೆ. “ಕತ್ತರಿ ಹಾಕಿದ್ಕೆ ಬಂತು. ಹೋದ ವರ್ಷ ಹಾಕ್ದೇ ಇದ್ದಿದ್ಕೆ ಹೋಯ್ತು. ನನ್ ಮಗಳ ಸುದ್ದಿಗೆ ಇನ್ನೊಂದ್ಸಲ ಬಂದ್ರೆ ಸರಿಯಿರಲ್ಲ” ಎಂದು ಕಿರುಚಿದೆ. ಸೊಸೆಗೆ ತಲೆ ಕೆಟ್ಟಿದೆ ಎಂದರು. ಅನ್ನಲಿ.

ಎರಡನೆಯ ಸಲ ಬಸುರಾದಾಗಲೂ ಕಟಿಂಗಿನ ಕಾಲ ಹತ್ತಿರದಲ್ಲಿತ್ತು. ನಾನು ಯಾರಿಗೂ ಬಾಯಿ ಬಿಡಲಿಲ್ಲ, ಗಂಡನಿಗೂ. ವಾಂತಿ ಬಂದಾಗ ಚಪ್ಪರದ ಮೂಲೆಗೆ ಓಡಿ, ಕಕ್ಕಿ, ಕಾಲಿನಿಂದ ಮಣ್ಣು ಮುಚ್ಚಿ ಬರುತ್ತಿದ್ದೆ. ಕೊನೆಯ ಬಳ್ಳಿಗೂ ಕತ್ತರಿ ಬಿದ್ದು ಆಳುಗಳು ಮನೆಗೆ ಹೋದ ಮೇಲೆ ಅಡುಗೆಮನೆಗೆ ಹೋಗಿ ಅತ್ತೆಗೆ ಹೇಳಿದೆ, ನನಗೆ ಮೂರು ತಿಂಗಳು ಎಂದು.