ಆಮೆನ್ ಇಲ್ಲದ ಮದುಮಗಳು

ಇದು ನಿಜವಾಗಿ ನಡೆದ ಕಥೆ. ಇದರಲ್ಲಿ ನಡೆಯುವ ಮದುವೆಗಳು ಮಾತ್ರ ಸುಳ್ಳು.

ಪರ್ಲ್ ಲಗೂನ್ ಎಂಬ ಕಡಲ ಹಿನ್ನೀರಿನ ಮೇಲೆ ಇನ್ನೂ ಬೆಳಕು ಸರಿಯಾಗಿ ಬಿದ್ದಿಲ್ಲ. ದಡದಲ್ಲಿರುವ ಚರ್ಚ್ ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ ಮಿಸ್ ವರ್ಲಿನ್ ಓಮಿಯರ್ ನೆಲ ಒರೆಸುತ್ತಿದ್ದಾರೆ. ಬೆಂಚಿನ ಕೆಳಗೆ ಏಡಿಯೊಂದು ಸೇರಿಕೊಂಡಿದೆ. "ನಡಿ ಮಾರಾಯ, ನಿಂಗ್ಯಾಕೆ ದೇವರ ವಾಕ್ಯ? ಎಷ್ಟು ಕೇಳಿದ್ರೂ ನೀನು ಅಡ್ಡದಾರಿ ಹಿಡಿಯೋನೇ" ಎಂದು ಕೋಲಿನಿಂದ ಅದನ್ನು ಬಾಗಿಲಾಚೆ ನೂಕುತ್ತಾರೆ. ಆಮೇಲೆ ಕಿಟಕಿಯ ಲೇಸ್ ಪರದೆಯನ್ನು ಬಿಚ್ಚಿ, ಒಗೆದಿಟ್ಟ ಇನ್ನೊಂದರ ಜೊತೆ ಹೋಲಿಸಿ, ಕಡಿಮೆ ಹರಿದದ್ದನ್ನು ಆರಿಸಿ ಇಸ್ತ್ರಿಗೆ ಕೂರುತ್ತಾರೆ. ಬಿಸಿಲೇರುವ ಹೊತ್ತಿಗೆ ಅದು ಅವರ ತಲೆಯ ಮೇಲಿನ ಮುಸುಕಾಗಬೇಕು. ಇವತ್ತು ಮಿಸ್ ವರ್ಲಿನ್ ಅವರ ಮದುವೆ. ಮತ್ತೊಮ್ಮೆ.

ಈ ಕಾಲೇಜಿನಲ್ಲಿ ಹುಡುಗ ಹುಡುಗಿಯರು ಸಭಾಸೇವೆಯನ್ನೇ, ಅಂದರೆ ಪಾದ್ರಿಯ ಕೆಲಸವನ್ನೇ, ಮುಖ್ಯ ವಿಷಯವಾಗಿ ಓದಿ ಪದವಿ ಪಡೆಯುತ್ತಾರೆ. ಪಾಸಾದರೆ ಪಾಸ್ಟರು, ಫೇಲಾದರೆ ಮೀನುಗಾರರು. ಯೇಸುವಿನ ಶಿಷ್ಯರೂ ಮೊದಲು ಬಲೆ ಎಳೆದವರೇ ಆದ್ದರಿಂದ ಎರಡರಲ್ಲೂ ಯಾರಿಗೂ ನಾಚಿಕೆಯಿಲ್ಲ. ಪುಸ್ತಕ ಓದಿ ಗ್ರೀಕ್ ಕಲಿಯಬಹುದು. ಆದರೆ ಮದುವೆ ಮಾಡಿಸುವುದು, ಹೂಳುವುದು, ಅಳುವ ಮಗುವಿಗೆ ನೀರು ಚಿಮುಕಿಸಿ ಹೆಸರಿಡುವುದು ಮಾಡಿಯೇ ಕಲಿಯಬೇಕಾದ ಕೆಲಸಗಳು. ರಸಾಯನಶಾಸ್ತ್ರದವರಿಗೆ ಪ್ರಯೋಗಾಲಯ ಸಿಗುತ್ತದೆ, ಡಾಕ್ಟರಿಕೆಯವರಿಗೆ ಶವ ಸಿಗುತ್ತದೆ. ಇವರಿಗೆ ಮಿಸ್ ವರ್ಲಿನ್ ಸಿಕ್ಕಿದ್ದಾರೆ.

ಸೋಮವಾರ ಅವರು ಹೆಣ, ಶನಿವಾರ ಹೆಣ್ಣು. ನಡುವೆ ಇರುವುದು ಬರೀ ಒಂದು ಒತ್ತು. ನಾಮಕರಣದ ಪಾಠದ ದಿನ ತಾಯಿಯಾಗಿ, ಬಟ್ಟೆ ಸುತ್ತಿದ ಎಳನೀರನ್ನು ಎದೆಗವಚಿ ನಿಲ್ಲುತ್ತಾರೆ. ಪಾಠ ಮುಗಿದ ಮೇಲೆ ಮಗುವನ್ನು ಎಲ್ಲರೂ ಹಂಚಿಕೊಂಡು ಕುಡಿಯುತ್ತಾರೆ.

"ಹೆಣ ಆಗೋದು ಸುಲಭ ಕಣಪ್ಪ, ಮಲಗಿದ್ರೆ ಆಯ್ತು. ಆದ್ರೆ ಅವರು ನನ್ನ ಗುಣಗಾನ ಮಾಡುವಾಗ ನಗು ತಡ್ಕೊಬೇಕು ನೋಡು, ಅಲ್ಲಿ ಪ್ರಾಣ ಹೋಗುತ್ತೆ" ಎನ್ನುತ್ತಾರೆ ಮಿಸ್ ವರ್ಲಿನ್. ಕರಾವಳಿಯ ಎಷ್ಟೋ ಪಾಸ್ಟರುಗಳು ಎದುರು ಸಿಕ್ಕಾಗ ಅಪ್ಪಿಕೊಂಡು, "ಆಂಟೀ, ನಾನು ಮೊದಲು ಹೂತಿದ್ದು ನಿಮ್ಮನ್ನೇ!" ಎಂದು ಕೂಗುತ್ತಾರಂತೆ. ಸಂತೆಯಲ್ಲಿ ಅಪರಿಚಿತರು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

ಮದುಮಗಳಾಗುವುದು ಹೇಗೆ ಎಂದು ಕೇಳಿದರೆ ಮಾತ್ರ ಅವರು ಒರೆಸುವ ಬಟ್ಟೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹಿಂಡುತ್ತಾರೆ. "ಅದಾ? ಅದು ಸ್ವಲ್ಪ ಹೊತ್ತು ನಿಂತ್ಕೊಳ್ಳೋ ಕೆಲ್ಸ."

ತಸ್ಬಪೌನಿ ಎಂಬ ಊರಿನಲ್ಲಿ ಹುಟ್ಟಿದ ವರ್ಲಿನ್ ಅವರ ಮನೆಯ ಮಾಡನ್ನು ಒಂದು ದೊಡ್ಡ ಚಂಡಮಾರುತ ಎತ್ತಿಕೊಂಡು ಹೋಯಿತು. ಚಿಕ್ಕಮ್ಮನ ಜೊತೆ ಇಲ್ಲಿಗೆ ಬಂದು ಕಾಲೇಜಿನ ಕಸಬರಿಗೆ ಹಿಡಿದರು. ಮಾತುಕತೆಯಾಗಿದ್ದ ಹುಡುಗ ಪ್ರವಾಸಿ ಹಡಗು ಹತ್ತಿ ದುಡಿಯಲು ಹೋದ. ಈ ಊರಿನ ಅರ್ಧದಷ್ಟು ಗಂಡಸರು ಹತ್ತುವ ಹಡಗು ಅದು. ಮೊದಲು ಮಯಾಮಿಯ ಚಿತ್ರಗಳು ಬಂದವು, ಆಮೇಲೆ ಚಿತ್ರದಲ್ಲಿ ಇನ್ನೊಬ್ಬಳು ಬಂದಳು. "ಹೋಗ್ಲಿ ಬಿಡು, ಮದುವೆ ಬಟ್ಟೆ ಇನ್ನೂ ಹೊಲಿಸಿರಲಿಲ್ಲ" ಎನ್ನುತ್ತಾರೆ.

ಕಾಲೇಜಿನ ಮದುವೆಗಳಲ್ಲಿ ವರನ ಪಾತ್ರ ತೋಟದ ಮಾಲಿಯದಾಗಿತ್ತು. ಅವನ ಹೆಂಡತಿ ತಕರಾರು ತೆಗೆದ ಮೇಲೆ ಆ ಜಾಗಕ್ಕೆ ಬಂದವರು ಮಿಸ್ಟರ್ ಟೋಬಿಯಸ್ ಕತ್‌ಬರ್ಟ್. ಆಚೆ ದಡದ ಊರುಗಳಿಂದ ವಿದ್ಯಾರ್ಥಿಗಳನ್ನು ಮೋಟಾರು ದೋಣಿಯಲ್ಲಿ ಕರೆತರುವ ವಿಧುರ. ಮಾತು ಕಡಿಮೆ. ಮಿಸ್ ವರ್ಲಿನ್ ಕೊಡುವ ತೆಂಗಿನಹಾಲಿನ ಬ್ರೆಡ್ ತಿಂದು "ಉಪ್ಪು ಸರಿಯಾಗಿದೆ" ಎಂದರೆ ಅವತ್ತು ಭಾಷಣ ಮಾಡಿದ ಹಾಗೆ. ಅವರು ಗಡ್ಡ ಬೋಳಿಸುವುದು ಮದುವೆಯ ಪಾಠವಿರುವ ದಿನ ಮಾತ್ರ ಎಂಬುದನ್ನು ಕಾಲೇಜಿನಲ್ಲಿ ಗಮನಿಸಿದವರು ಒಬ್ಬರೇ. ಆ ಒಬ್ಬರು ಅದನ್ನು ಯಾರಿಗೂ ಹೇಳಿಲ್ಲ. ಸೀಮೆಎಣ್ಣೆಯ ವಾಸನೆ ತೊಳೆದುಕೊಂಡು, ಸಾಬೂನಿನ ವಾಸನೆಯ ಗಲ್ಲದೊಂದಿಗೆ ಆ ಮನುಷ್ಯ ಪಕ್ಕದಲ್ಲಿ ನಿಂತಾಗ, ಮುಸುಕು ಇರುವುದು ಒಳ್ಳೆಯದೇ ಆಯಿತು ಎನಿಸುತ್ತದೆ ಅವರಿಗೆ.

ಆದರೆ ಈ ಮದುವೆಗಳಿಗೆ ಕೊನೆಯ ಮಾತು ಇಲ್ಲ. ಪಾಠದ ವಿಧಿಗಳಲ್ಲಿ ಆಮೆನ್ ಹೇಳಬಾರದೆಂದು ಕಾಲೇಜು ಕಟ್ಟಿದ ಹಳೆಯ ಪಾಸ್ಟರರು ಕಟ್ಟಳೆ ಹಾಕಿದ್ದಾರೆ. ಆಮೆನ್ ಅಂದರೆ 'ಹಾಗೇ ಆಗಲಿ'. ಎಳೆಯರ ಬಾಯಿಂದ ಬಂದ ಮಾತಿಗೆ ಮೇಲಿನವನು ಒಪ್ಪಿ, ಹಾಗೇ ಆಗಿಬಿಟ್ಟರೆ? ಬದುಕಿರುವ ಹೆಂಗಸು ಹೂತುಹೋಗಬಹುದು, ಎಳನೀರು ಕ್ರೈಸ್ತನಾಗಬಹುದು. ಹಾಗಾಗಿ ಆಮೆನ್ ಬರಬೇಕಾದಲ್ಲಿ "ಪಾಠ ಮುಗೀತು" ಎನ್ನುತ್ತಾರೆ. ಹೆಣವಾಗಿದ್ದಾಗ ಆ ಮಾತು ಕೇಳಿ ಮಿಸ್ ವರ್ಲಿನ್ ಖುಷಿಯಿಂದ ಎದ್ದು ಸೊಂಟ ನೀವಿಕೊಳ್ಳುತ್ತಾರೆ. ಮದುಮಗಳಾಗಿದ್ದಾಗ ಉಂಗುರವನ್ನು ನಿಧಾನವಾಗಿ ಬಿಚ್ಚುತ್ತಾರೆ. ಅದು ಪರದೆಯನ್ನು ಕಂಬಿಗೆ ತೂಗುಹಾಕುವ ಬಳೆ. ಮತ್ತೆ ಪರದೆಗೇ ಹೋಗಬೇಕು.

ಮುಂದಿನ ವರ್ಷದಿಂದ ಇದೂ ಇಲ್ಲ. ಹುಡುಗರು ಬ್ಲೂಫೀಲ್ಡ್ಸ್ ಪಟ್ಟಣದ ಚರ್ಚುಗಳಿಗೆ ಹೋಗಿ ಅಲ್ಲೇ ಕಲಿಯಬೇಕೆಂದು ಪಾಠಕ್ರಮ ಬದಲಾಗಿದೆ. ಮಿಸ್ ವರ್ಲಿನ್ ಅವರಿಗೆ ನೆಲ ಉಳಿಯುತ್ತದೆ. ಇವತ್ತಿನದು ಕೊನೆಯ ಮದುವೆ. "ಹೆಣದ ಕೆಲ್ಸ ಹೋಗಿದ್ದಕ್ಕೆ ಬೇಜಾರಿಲ್ಲ, ಅದು ಹೆಂಗೂ ಒಂದಿನ ವಾಪಸ್ ಸಿಗುತ್ತೆ" ಎಂದು ಇಸ್ತ್ರಿಪೆಟ್ಟಿಗೆಯ ಕೆಂಡ ಕೆದಕುತ್ತಾರೆ. ಮುಸುಕಿನ ಅಂಚನ್ನು ಇನ್ನೊಮ್ಮೆ ತೀಡುತ್ತಾರೆ.

ಬಿಸಿಲೇರುತ್ತದೆ. ಬೆಂಚುಗಳು ತುಂಬುತ್ತವೆ. ಪಾದ್ರಿಯ ಜಾಗದಲ್ಲಿ ಇವತ್ತು ಕಾಕಬಿಲಾ ಊರಿನ ಹುಡುಗಿ ಡೆಲ್ಮಾ. ಕೊನೆಯ ವರ್ಷದವಳು, ವಿಧಿಯನ್ನು ಪುಸ್ತಕಕ್ಕೇ ಪಿಸುಗುಟ್ಟುತ್ತಿದ್ದಾಳೆ. "ಗಟ್ಟಿಯಾಗಿ ಹೇಳು ಮಗಾ, ನಾನೇನು ಓಡಿಹೋಗಲ್ಲ" ಎಂದು ಮುಸುಕಿನೊಳಗಿಂದ ಮದುಮಗಳೇ ಧೈರ್ಯ ತುಂಬುತ್ತಾರೆ. ಆಕ್ಷೇಪವಿದ್ದವರು ಹೇಳಿ ಎಂದಾಗ ಹಿಂದಿನ ಬೆಂಚಿನಿಂದ, "ನನಗಿದೆ! ಆಂಟಿ ಹೋದ್ವಾರ ಸತ್ತಿದ್ರು, ನಾನೇ ಹೂತಿದ್ದೆ!" ಎಂಬ ಕೂಗು. ನಗು. ಮೇಷ್ಟ್ರು ರೆವರೆಂಡ್ ಫೋರ್ಬ್ಸ್ ಕಣ್ಣು ಬಿಡುತ್ತಾರೆ. ಅಷ್ಟರಲ್ಲಿ ಅವರ ಫೋನು ಬಡಿದುಕೊಳ್ಳುತ್ತದೆ, ಅದನ್ನು ಹಿಡಿದು ದೋಣಿಕಟ್ಟೆಯ ಕಡೆ ಹೋಗುತ್ತಾರೆ.

ಟೋಬಿಯಸ್ ಉಂಗುರ ತೊಡಿಸುತ್ತಾರೆ. ಡೆಲ್ಮಾ ಕೊನೆಯ ಆಶೀರ್ವಾದ ಹೇಳಿ, "ಪಾಠ..." ಎಂದು ಬಾಯಿ ತೆರೆಯುವುದಕ್ಕೂ ಒಳಕೋಣೆಯ ಬಾಗಿಲ ಹಿಂದಿನಿಂದ ರೆವರೆಂಡರ ಗಂಭೀರ ಕಂಠ ಮೊಳಗುವುದಕ್ಕೂ ಸರಿಯಾಗುತ್ತದೆ: "ಆಆಮೆನ್!"

ಬೆಂಚುಗಳಲ್ಲಿದ್ದ ತಲೆಗಳೆಲ್ಲ ಆ ಬಾಗಿಲ ಕಡೆ ತಿರುಗುತ್ತವೆ. ಮೂರನೇ ವರ್ಷದ ರಾಂಡೆಲ್ ಡಿಕ್ಸನ್ ಹೆದರಿದ ಮುಖ ಮಾಡಿಕೊಂಡು ಒಳಕೋಣೆಯಿಂದ ಓಡಿಬರುತ್ತಾನೆ. "ಅಯ್ಯಯ್ಯೋ ಆಂಟಿ! ರೆವರೆಂಡ್ ಬಾಯಿತಪ್ಪಿ ಅಂದ್ಬಿಟ್ರು! ಇನ್ನು ಅಳಿಸಕ್ಕಾಗಲ್ಲ. ನೀವು ಮಿಸೆಸ್ ಕತ್‌ಬರ್ಟ್ ಆಗೋದ್ರಿ!"

ಮಿಸ್ ವರ್ಲಿನ್ ಅವರಿಗೆ ಗೊತ್ತು. ಈ ರಾಂಡೆಲ್ ಜಗಲಿಯಲ್ಲಿ ರೆವರೆಂಡರ ದನಿಯನ್ನು ಅಣಕಿಸುವುದನ್ನು ಅವರು ಪೊರಕೆ ಹಿಡಿದು ಎಷ್ಟು ಸಲ ಕೇಳಿಲ್ಲ! ಅಸಲಿ ಆಮೆನ್‌ಗೆ ಬಾಲದಲ್ಲೊಂದು ಕೆಮ್ಮು ಇರುತ್ತದೆ. "ಲೋ ಕಪಿ" ಎಂದುಬಿಟ್ಟರೆ ಆಟ ಮುಗಿಯಿತು. ಅವರು ಅನ್ನುವುದಿಲ್ಲ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು, ಲೇಸಿನ ತೂತುಗಳಿಂದ ಬಂದ ಬಿಸಿಲು ಕೈಮೇಲೆ ಬಿದ್ದಿರುವಾಗ, ಅವರು ಮಿಸೆಸ್ ಕತ್‌ಬರ್ಟ್ ಆಗಿ ನಿಂತಿರುತ್ತಾರೆ.

"ಏನ್ರೋ ಅದು ಗಲಾಟೆ?" ಎನ್ನುತ್ತಾ ಅಸಲಿ ರೆವರೆಂಡ್ ಮುಂಬಾಗಿಲಿನಿಂದ ಬರುತ್ತಾರೆ, ಕಿವಿಗಿನ್ನೂ ಫೋನು.

"ಕುರಿ! ಆಂಟಿ ಕುರಿಯಾದ್ರು!" ಬೆಂಚುಗಳು ನಗುವಿನಿಂದ ಕುಣಿಯುತ್ತವೆ. ಕುರಿ ಕಾಯುವುದನ್ನು ಕಲಿಯಲು ಬಂದವರು ಕುರಿ ಮಾಡುವುದರಲ್ಲೂ ಪದವಿ ಪಡೆಯುವಂತಿದ್ದಾರೆ.

ಟೋಬಿಯಸ್ ನಗುವುದಿಲ್ಲ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಡೆಲ್ಮಾಳ ಕಡೆ ಬಾಗುತ್ತಾರೆ. "ಮಗಾ, ನಿಜವಾದ್ದಕ್ಕೆ ಏನೇನು ಬೇಕು?"

ಪರೀಕ್ಷೆಯ ಪ್ರಶ್ನೆಯೆಂದು ತಿಳಿದ ಡೆಲ್ಮಾ ಗಿಳಿಯ ಹಾಗೆ ಒಪ್ಪಿಸುತ್ತಾಳೆ: "ಮೂರು ಭಾನುವಾರ ಸಭೇಲಿ ಇಬ್ಬರ ಹೆಸರೂ ಓದಬೇಕು ಅಂಕಲ್. ಹುಡುಗ ಒಪ್ಪಿರಬೇಕು. ಹುಡುಗಿ ಒಪ್ಪಿರಬೇಕು."

ಅರವತ್ತರ ಹತ್ತಿರದ ಹುಡುಗ ಐವತ್ತು ದಾಟಿದ ಹುಡುಗಿಯತ್ತ ತಿರುಗುತ್ತಾರೆ.

"ನಾಳೆ ಭಾನುವಾರ ಅಲ್ವಾ, ವರ್ಲಿನ್?"

ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವರ ಬಾಯಲ್ಲಿ 'ಮಿಸ್' ಮಿಸ್ಸಾಗಿದೆ.

ಇವರೂ ಹುಡುಗರ ಜೊತೆ ಸೇರಿದ್ದಾರೋ ಏನೋ ಎಂದು ವರ್ಲಿನ್ ಆ ಗಲ್ಲವನ್ನು, ಸಾಬೂನಿನ ನೊರೆ ಇನ್ನೂ ಉಳಿದಿರುವ ಕಿವಿಯ ಸಂದಿಯನ್ನು ನೋಡುತ್ತಾರೆ. ತಮಾಷೆ ಮಾಡುವವರ ಕೈಯಲ್ಲಿ ಟೋಪಿಯ ಅಂಚು ಹೀಗೆ ಮುದುರುವುದಿಲ್ಲ. ಆಗ ಮುಸುಕಿನೊಳಗೆ ಎಲ್ಲೋ ಒಂದು ನಗು ಹುಟ್ಟುತ್ತದೆ. ಮೊದಲು ಬಿಕ್ಕಿನ ಹಾಗೆ, ಆಮೇಲೆ ಹೊಟ್ಟೆ ಹಿಡಿದುಕೊಳ್ಳುವ ಹಾಗೆ. ಹುಡುಗರು ಒಬ್ಬೊಬ್ಬರಾಗಿ ನಗು ನಿಲ್ಲಿಸುತ್ತಾರೆ, ರಾಂಡೆಲನೂ ಬಾಯಿ ಮುಚ್ಚಿ ನೋಡುತ್ತಾ ನಿಲ್ಲುತ್ತಾನೆ. ಆ ನಗು ಮಾತ್ರ ನಿಲ್ಲದೆ ದೋಣಿಕಟ್ಟೆಯವರೆಗೂ ಕೇಳುತ್ತದೆ.

"ಭಾನುವಾರಾನೇ ಕಣ್ರೀ," ಕಣ್ಣೊರೆಸಿಕೊಳ್ಳುತ್ತಾ ನಗುತ್ತಾರೆ ವರ್ಲಿನ್, "ಭಾನುವಾರಾನೇ!"