ಹುಸೇನಪ್ಪನ ಸಕ್ಕರೆ

ಓದುಗ ದೊರೆಗಳೇ, ನಾನೊಬ್ಬ ಕಳ್ಳ; ಬಾಲ್ಯದಲ್ಲಿ ಹರಕೆಯ ಸಕ್ಕರೆ ಕದ್ದವನು. ಇಂದು ಚಿಕ್ಕೋಡಿಯ ಚಹಾದಂಗಡಿಯಲ್ಲಿ ಮೊಹರಂ ದೇವರ ಮುಂದೆ ಹಾಕುವಂಥ ಲೋಬಾನದ ಧೂಪದ ಹೊಗೆ ಮೂಗಿಗೆ ಬಡಿದು ಎಲ್ಲ ನೆನಪಾಯಿತು.

ನನ್ನ ನಂತರ ಎರಡು ಕೂಸು ಕಳೆದುಕೊಂಡ ಅವ್ವ, ಮುಂದಿನದಾದರೂ ಉಳಿಯಲೆಂದು ಮೊಹರಂ ದೇವರಿಗೆ ಸಕ್ಕರೆ ಹರಕೆ ಹೊತ್ತು, ತಮ್ಮನಿಗೆ ಹುಸೇನಪ್ಪ ಎಂದು ಹೆಸರಿಟ್ಟಿದ್ದಳು. ನಮ್ಮ ಕಡೆ ಹೀಗೆ ಓಣಿಗೊಬ್ಬ ಹುಸೇನಪ್ಪ. ನಾನು ಆ ಸಕ್ಕರೆ ಮುಕ್ಕಿದ ದಿನವೇ ತಮ್ಮನಿಗೆ ಜ್ವರ ಏರಿತು. ಹರಕೆಯ ಸಕ್ಕರೆ ಓದಿಸಿಕೊಡುವ ಮುಲ್ಲಾ ಕಾಕಾನನ್ನು ಅವ್ವ ಮನೆಗೆ ಕರೆಸಿದಳು.

"ಮುಲ್ಲಾ ಕಾಕಾ, ಇದೂ ಹೊಂಟೈತೇನ್ರಿ?" ಅವ್ವ ಸೆರಗು ಕಚ್ಚಿ ಅತ್ತಳು.

"ಅರಬ್ಬಿಯೊಳಗ ಹುಸೇನ ಅಂದ್ರ ಪುಟ್ಟ ಚೆಲುವ, ತಂಗಿ. ಚೆಲುವ ಎಲ್ಲಿಗೆ ಹೊಕ್ಕಾನ?" ಎಂದ ಕಾಕಾ ತಮ್ಮನ ಹಣೆಗೆ ಒದ್ದೆ ಬಟ್ಟೆ ಇಟ್ಟ. ನಾನು ಮಂಚದ ಕೆಳಗೆ ಸೇರಿ, ಇನ್ನೆಂದೂ ಸಿಹಿ ಮುಟ್ಟುವುದಿಲ್ಲವೆಂದು ದೇವರಿಗೆ ಮಾತು ಕೊಟ್ಟೆ.

ತಮ್ಮ ಉಳಿದ. ನನ್ನ ಸಕ್ಕರೆಯಿಲ್ಲದ ಚಹಾ ಕಂಡವರಿಗೆಲ್ಲ ಸಂಯಮದ ಭಾಷಣ ಬಿಗಿಯುತ್ತೇನೆ. ಆದರೆ ಹೋದ ವಾರ ಮರೆತು ಒಂದು ಪೇಡೆ ತಿಂದವನು, ಜ್ವರ ಬಂದಿದೆಯಾ ಎಂದು ತಮ್ಮನಿಗೆ ಮೂರು ಸಲ ಫೋನ್ ಮಾಡಿದೆ.